ನಾನು ಕೆರೆದ ವೀರಗಲ್ಲು

ಜರ್ಮನ್ ಲಡಾಯಿ ಇನ್ನೂ ಮುಗಿದಿರಲಿಲ್ಲ. ನಾನು ಯಲಬುರ್ಗಾ ಸೀಮೆಯ ಒಂದು ಸಾಲೆಯಲ್ಲಿ ಏಳನೆಯ ಜಮಾತಿನಲ್ಲಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ಇತಿಹಾಸ ಕಲಿಸುವ ಮಾಸ್ತರು ಮಾತ್ರ ಪುಸ್ತಕ ಮುಚ್ಚಿಟ್ಟು ಕನ್ನಡದಲ್ಲಿ ಮಾತಾಡುತ್ತಿದ್ದರು. ಒಂದು ದಿನ ಅವರು, "ದಿಲ್ಲಿ ಬಾದಶಹರ ಹೆಸರು ಬಾಯಿಪಾಠ ಮಾಡೀರಿ. ನಿಮ್ಮ ಹೊಲದ ಬದುವಿನ್ಯಾಗ ನಿಂತವ ಯಾರು ಅಂತ ಮಾತ್ರ ಗೊತ್ತಿಲ್ಲ. ನಡೀರಿ, ತೋರಸ್ತೀನಿ" ಎಂದರು.

ಸಂಕ್ರಾಂತಿ ಕಳೆದ ಮೇಲೆ ನಾವು ಹದಿನಾಲ್ಕು ಹುಡುಗರು ಸಜ್ಜಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನಡೆದೇ ಹೊರಟೆವು. ಇಟಗಿಯ ಗುಡಿ ನೋಡಿದೆವು. ಬರುವ ದಾರಿಯಲ್ಲಿ ಒಂದು ಸಣ್ಣ ಊರಿನ ಹೊರಗೆ, ಜೋಳದ ಹೊಲದ ಅಂಚಿಗೆ, ಎದೆಯೆತ್ತರದ ವೀರಗಲ್ಲು ನಿಂತಿತ್ತು. ಕೆಳಗೆ ಕಾದಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ. ಎಷ್ಟೋ ತಲೆಮಾರಿನ ಎಣ್ಣೆ, ಕುಂಕುಮ ಸೇರಿ ಕೆಳಗಿನ ಭಾಗವೆಲ್ಲ ಕರಿ ಜಿಡ್ಡುಗಟ್ಟಿತ್ತು.

"ಯಾವುದೋ ಕಾಳಗದಾಗ ಊರಿನ ದನ ಉಳಸಾಕ ಹೋಗಿ ಸತ್ತಾನ. ಜಿಡ್ಡಿನ ಅಡಿಯಾಗ ಅವನ ಹೆಸರು ಇದ್ದರೂ ಇರಬಹುದು" ಎಂದರು ಮಾಸ್ತರು. "ಯಾರೂ ಮುಟ್ಟಬ್ಯಾಡ್ರಿ. ಊರಾಗ ಹಿರಿಯರನ್ನ ಕೇಳಿ ಬರ್ತೀನಿ."

ಅವರು ಹೋದರು. ನನಗೆ ತಡೆಯಲಾಗಲಿಲ್ಲ. ಹಳೆಯ ಶಾಸನದ ಅಕ್ಷರಗಳನ್ನು ಮಾಸ್ತರು ನನಗೊಬ್ಬನಿಗೇ ಕಲಿಸಿದ್ದರು. ಅವರು ಬರುವುದರೊಳಗೆ ಹೆಸರು ಓದಿಬಿಡಬೇಕು, ಅವರು ಬೆನ್ನು ಚಪ್ಪರಿಸಬೇಕು ಎಂಬ ಹುಚ್ಚು. ಬದುವಿನಲ್ಲಿ ಬಿದ್ದಿದ್ದ ಮುರುಕು ಕುಡುಗೋಲು ಎತ್ತಿಕೊಂಡು ಕೆರೆಯತೊಡಗಿದೆ. "ಬ್ಯಾಡೋ, ಮಾಸ್ತರು ಬೈತಾರ" ಎಂದ ಒಬ್ಬ ಗೆಳೆಯ. ನಾನು ಕೇಳಲಿಲ್ಲ.

ಅದು ಬಳಪದ ಕಲ್ಲು. ಉಗುರು ತಾಗಿದರೂ ಗೆರೆ ಬೀಳುವಷ್ಟು ಮೆತ್ತಗಿನದು. ಅವಸರದಲ್ಲಿ ನನಗೆ ಅದು ಹೊಳೆಯಲೇ ಇಲ್ಲ. ಜಿಡ್ಡಿನ ಚಕ್ಕೆಯೊಂದು ಕಿತ್ತು ಬಂದಾಗ ವೀರನ ಮುಖವೂ ಅದರ ಸಂಗಡ ಬಂತು. ಮೂಗು, ಮೀಸೆ, ಕಣ್ಣು ಎಲ್ಲ ಹೋಗಿ ಬಿಳಿಯ ಗುಳಿ ಉಳಿಯಿತು. ಅಕ್ಷರ ಒಂದೂ ಇರಲಿಲ್ಲ.

ಮಾಸ್ತರು ಬಂದಾಗ ಅವರ ಜೊತೆ ಒಬ್ಬ ಮುದುಕಿ ಇದ್ದಳು, ಕೈಯಲ್ಲಿ ಎಣ್ಣೆಯ ಬಟ್ಟಲು. ಕಲ್ಲು ನೋಡಿದ್ದೇ ಅವಳು ನಿಂತುಬಿಟ್ಟಳು.

"ಯಾರಪ್ಪಾ ಇದನ್ನ ಮಾಡಿದವ್ರು?"

ನಾನು ಎರಡೂ ಕೈ ಅಂಗಿಯೊಳಗೆ ಸೇರಿಸಿಕೊಂಡಿದ್ದೆ. ಮಾಸ್ತರ ಕಣ್ಣು ನಮ್ಮೆಲ್ಲರ ಮೇಲೆ ಹಾದು, ನನ್ನ ಮೇಲೆ ಬಂದು ಒಂದು ಗಳಿಗೆ ನಿಂತಿತು. ಅವರು ಕಾಯುತ್ತಿದ್ದರು. ಆ ಗಳಿಗೆಯಲ್ಲಿ ನಾನು ತಲೆ ಕೆಳಗೆ ಹಾಕಿದೆ.

"ನಾನ ಹೇಳಿದ್ದೆ ತಾಯಿ, ಅಕ್ಷರ ನೋಡಾಕ. ತಪ್ಪಾತು" ಎಂದು ಮಾಸ್ತರು ಕೈಮುಗಿದರು.

"ಓದಿದವ್ರು ಅದೀರಿ. ನಿಮಗ ಹೆಂಗ ಮನಸ್ಸು ಬಂತ್ರಿ? ನನ್ನ ಮಗ ಲಡಾಯಿಗಂತ ಪಲ್ಟನ್ನಿಗೆ ಹೋಗ್ಯಾನ. ಹೋಗೋ ದಿನ ಇವನ ಮಾರಿಗೆ ಎಣ್ಣಿ ಹಚ್ಚಿ, ನಾ ಬರೋತನಕ ನೀ ಹಚ್ಚವ್ವಾ ಅಂದಾನ. ಈಗ ಎಲ್ಲಿಗೆ ಹಚ್ಚಲಿ?"

ಮುದುಕಿ ಬೆರಳು ಅದ್ದಿ, ಆ ಬಿಳಿಯ ಗುಳಿಯನ್ನು ತಡವಿ ತಡವಿ ಎಣ್ಣೆ ಹಚ್ಚಿದಳು.

ಊರು ಮುಟ್ಟುವವರೆಗೆ ಮಾಸ್ತರು ಎಲ್ಲರಿಗಿಂತ ಮುಂದೆ ನಡೆದರು. ಹೊಡೆಯುತ್ತಾರೆಂದು ಕಾದೆ, ಹೊಡೆಯಲಿಲ್ಲ. ಮರುದಿನ ಎಂದಿನಂತೆ ಪಾಠ ಮಾಡಿದರು. ನನಗೆ ಹಳೆಯ ಅಕ್ಷರ ಕಲಿಸುವುದನ್ನು ಮಾತ್ರ ನಿಲ್ಲಿಸಿದರು. ಬೇಸಿಗೆಯಲ್ಲಿ ಅವರಿಗೆ ಗಂಗಾವತಿ ಕಡೆಗೆ ವರ್ಗವಾಯಿತು. ಹೋಗುವ ದಿನ ನಾನು ಕಾಲಿಗೆ ಬಿದ್ದೆ. ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ.

ಲಡಾಯಿ ಮುಗಿದ ಮರುವರ್ಷ, ಆ ಮುದುಕಿಯ ಮಗ ಪಲ್ಟನ್ನಿನಿಂದ ವಾಪಸು ಬಂದಿದ್ದಾನೆಂದು ಸಂತೆಯಲ್ಲಿ ಕೇಳಿದೆ. ಎದೆಯ ಮೇಲಿನ ಭಾರ ಇಳಿದಂತಾಯಿತು. ಇನ್ನು ಹೇಳಬಹುದು, ಅವಳು ನಕ್ಕು ಬಿಟ್ಟಾಳು ಎಂದುಕೊಂಡು ಒಬ್ಬನೇ ಹೋದೆ.

ಮಗ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಗಟ್ಟಿಮುಟ್ಟಾಗಿದ್ದ. ಕಲ್ಲು ನೋಡಲು ಬಂದೆನೆಂದೆ. ಮುದುಕಿ ಮಜ್ಜಿಗೆ ತಂದುಕೊಟ್ಟು, ನನ್ನ ಗುರುತು ಹತ್ತದೆ ತಾನಾಗಿಯೇ ಹೇಳತೊಡಗಿದಳು:

"ಏನ ನೋಡ್ತೀಯಪ್ಪಾ ಅದನ್ನ? ಒಬ್ಬ ಮಾಸ್ತರ ಬಂದು ಮಾರಿ ಕೆರಸಿ ಹಾಳ ಮಾಡಿ ಹೋದ. ಮಗ ಬರೋತನಕ ಒಂದಿನಾನೂ ನಿದ್ದಿ ಇಲ್ಲ ನನಗ. ದಿನಾ ಅವಗ ಶಾಪ ಹಾಕೀನಿ. ಅವನ ಕೈ ಸೇದಿ ಬಿದ್ದು ಹೋಗಲಿ ಅಂತ."

"ಬಿಡವ್ವಾ, ಬಂದೀನಲ್ಲ ನಾ" ಎಂದ ಮಗ.

"ನೀ ಬಂದಿ. ಅವನ ತಪ್ಪು ಎಲ್ಲಿ ಹೋಗತೈತಿ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಗುವಂತಿರಲಿಲ್ಲ. ನನಗಾಗ ಹದಿನೇಳು ವರ್ಷ. ಹೊಡೆತದ ಭಯವಿರುವ ವಯಸ್ಸೂ ಅಲ್ಲ. "ಹೌದೇನ್ರಿ" ಎಂದೆ. ಅಷ್ಟೇ ಎಂದೆ. ಮಜ್ಜಿಗೆ ಪೂರ್ತಿ ಕುಡಿದು, ಚರಿಗೆ ತೊಳೆದಿಟ್ಟು, ಕಲ್ಲಿನ ಕಡೆಗೆ ಹೋಗದೆ ಬೇರೆ ದಾರಿ ಹಿಡಿದು ಊರಿಗೆ ಬಂದೆ.