ಜ್ವರ ಇಳಿದ ದಿನದ ಅನ್ನ

ಢಾಕಾದ ಹಳೆಪೇಟೆಯ ಆ ಓಣಿಯಲ್ಲಿ ಯಾರ ಮನೆಯಲ್ಲಿ ಜ್ವರ ಇಳಿದರೂ ಮೊದಲು ಎಲ್ಲರಿಗೂ ಚಿಕ್ಕಮ್ಮನಂತಿದ್ದ ಮೆಹೆರ್ ಖಾಲಾಗೆ ಕರೆ ಹೋಗುತ್ತಿತ್ತು. ಮೆತ್ತಗೆ ಬೆಂದ ಅನ್ನ, ಬಾಳೆಕಾಯಿ ಹಾಕಿದ ಶಿಂಗಿ ಮೀನಿನ ತೆಳು ಸಾರು. ಪಥ್ಯವೆಂದರೆ ಅವಳ ಕೈಯದೇ. ತಲೆಗೆ ನೀರು ಹಾಕಿ ಅದನ್ನು ಉಣ್ಣಿಸಿದರೆ ಕಾಯಿಲೆ ಹೊಸ್ತಿಲು ದಾಟಿತೆಂದೇ ಅರ್ಥ. ಗಂಡ ಹೋದ ಮೇಲೆ ಮಗಳನ್ನು ಸಾಕಿದ್ದೂ ಆ ಕೈಯೇ.

ಆ ಮಳೆಗಾಲ ಡೆಂಗಿ ಜ್ವರ ಮಗಳು ರೌಶನಾರಾಳನ್ನೇ ಹಿಡಿಯಿತು. ಕೆಂಡವಾಗಿದ್ದ ಹಣೆ ಒಂದು ಬೆಳಿಗ್ಗೆ ತಣ್ಣಗಾಯಿತು. ಖಾಲಾ ಮೀನು ತರಿಸಿದಳು. ಅಳಿಯ ಶಮ್ಸೇರ್ ಮಾತ್ರ, ಡಾಕ್ಟರಮ್ಮ ದಿನಾ ರಕ್ತ ನೋಡಬೇಕೆಂದಿದ್ದಾರೆ ಎಂದು ರಕ್ತ ತೆಗೆಯಲು ಕೆಳಗಿನ ದವಾಖಾನೆಯವರನ್ನು ಕರೆತಂದ.

"ಜ್ವರ ಹೋದ್ಮೇಲೂ ಚುಚ್ಚಿಸ್ತೀಯಲ್ಲಪ್ಪ, ನಿಮ್ಮ ಡಾಕ್ಟರಮ್ಮ ಏನು ಸೊಳ್ಳೆ ವಂಶದವಳಾ?" ಖಾಲಾ ಛೇಡಿಸಿದಳು.

ರೌಶನಾರಾ ನಗಲಿಲ್ಲ. ಹೊಟ್ಟೆ ಹಿಂಡುತ್ತಿದೆ ಎಂದಳು. ಹಸಿವು ಕಣೇ ಎಂದು ತಾಯಿ ಅವಳಿಗೆ ಸ್ನಾನ ಮಾಡಿಸಿದಳು.

ಅನ್ನ ಕಲಸುವ ಹೊತ್ತಿಗೆ ಆ ಡಾಕ್ಟರಮ್ಮ ಫಿರ್ದೌಸಿ ರಕ್ತದ ವರದಿ ಹಿಡಿದು ತಾವೇ ಮೆಟ್ಟಿಲು ಹತ್ತಿ ಬಂದರು. ಓಣಿಯವರಿಗೆಲ್ಲ ಪ್ಲೇಟ್‌ಲೆಟ್ ಒಂದರದೇ ಭಯ. ಅದು ಇಳಿದಿತ್ತು, ನಿಜ. ಆದರೆ ಅದೇ ಮಾಮೂಲಿ ರಕ್ತಪರೀಕ್ಷೆಯಲ್ಲಿ ರಕ್ತ ಎಷ್ಟು ಗಟ್ಟಿ ಎಂದು ಹೇಳುವ ಅಂಕಿ ಮೊದಲ ದಿನಕ್ಕಿಂತ ಬಹಳ ಏರಿತ್ತು.

"ಖಾಲಾ, ಈ ಕಾಯಿಲೆ ಹೊಂಚು ಹಾಕೋದೇ ಜ್ವರ ಬಿಟ್ಟಾಗ. ರಕ್ತದೊಳಗಿನ ನೀರು ರಕ್ತನಾಳದಿಂದ ಆಚೆ ಸೋರ್ತಿದೆ. ಸಂಜೆವರೆಗೂ ಕಾಯೋ ಹಂಗಿಲ್ಲ, ಈಗ್ಲೇ ಆಸ್ಪತ್ರೆ."

"ಒಂದು ತುತ್ತು ತಿನ್ನಿಸಿ ಬರ್ತೀನಮ್ಮ. ಪಥ್ಯ ಬಿಟ್ಟು ಎಬ್ಬಿಸಬಾರದು."

"ತುತ್ತು ನಾಳೆ ತಿನ್ನಿಸಬಹುದು. ಇವಳು ನಾಳೆಗೆ ಇರಬೇಕಲ್ಲ."

ಖಾಲಾ ಕೈ ತೊಳೆಯಲಿಲ್ಲ. ಬೆರಳಿಗಂಟಿದ ಅನ್ನದಲ್ಲೇ ಮಗಳನ್ನು ತಬ್ಬಿ ಕೆಳಗಿಳಿಸಿದಳು.

ಆಸ್ಪತ್ರೆ ಸೇರುವಷ್ಟರಲ್ಲಿ ರೌಶನಾರಾಳ ಪಾದ ಮಂಜಿನಂತಾಗಿತ್ತು. ನಾಡಿ ಸಿಗದೆ ನರ್ಸು ಎರಡೂ ಮಣಿಕಟ್ಟು ಹುಡುಕಿದಳು. ಸಲೈನು ಓಡಿತು, ಮತ್ತೆ ಮತ್ತೆ ರಕ್ತ ತೆಗೆದರು. ಖಾಲಾ ತಡೆಯಲಿಲ್ಲ. ಆ ಅಂಕಿ ಎಷ್ಟಾಯಿತು ಎಂದು ತಾನೇ ಕೇಳತೊಡಗಿದಳು. ಓಣಿಯಲ್ಲಿ ತಾನು ಪಥ್ಯ ಬಡಿಸಿದ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಎಲ್ಲರೂ ಬದುಕಿ ಉಳಿದರೋ ಇಲ್ಲವೋ ಎಂದು ನೆನಪಿಸಿಕೊಳ್ಳಲು ಧೈರ್ಯ ಬರಲಿಲ್ಲ.

ಮರುದಿನ ಮಧ್ಯಾಹ್ನ ರಕ್ತ ತುಸು ತೆಳುವಾಗಿದೆ, ಇನ್ನೂ ನಂಬುವ ಹಾಗಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಖಾಲಾ ಮಗಳ ಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಳು. ಆಯಸ್ಸಿಡೀ ಮೈ ತಣ್ಣಗಾಗಲಿ ಎಂದೇ ದುವಾ ಕೇಳಿದವಳು, ಈಗ ಆ ಹಿಮ್ಮಡಿಗೆ ಕೊಂಚ ಬಿಸಿ ಬರಲಿ ಎಂದು ಅಲ್ಲಾಹನಲ್ಲಿ ಬೇಡುತ್ತಿದ್ದಳು.