ನೀರಿನ ಸಾಲಿನಲ್ಲಿ ನಿಂತ ಹೆಂಗಸು

ಹೋದ ತಿಂಗಳು ಮೈಸೂರಿನ ಒಂದು ಹಳೇ ಬಂಗಲೆಗೆ ಏನೋ ಕೆಲಸದ ಮೇಲೆ ಹೋಗಿದ್ದೆ. ಒಳಗೆ ಯಾರೋ ಮರದ ಮೆಟ್ಟಿಲಿಗೆ ಮೇಣ ಹಚ್ಚಿ ಉಜ್ಜುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸ್ವಲ್ಪ ಜೇನುಮೇಣ, ಸ್ವಲ್ಪ ಟರ್ಪೆಂಟೈನು, ಅದರಡಿಯಲ್ಲಿ ಹಳೆಯ ಮರದ ಒಣ ವಾಸನೆ. ಒಂದೇ ಉಸಿರಿಗೆ ನಾನು ಒಂಬತ್ತು ವರ್ಷದವಳಾಗಿ, ಬೆನ್ನಿಗೆ ಪೆಟ್ಟಿಗೆಯಂಥ ಸ್ಕೂಲ್ ಬ್ಯಾಗು ಹೊತ್ತು, ಜರ್ಮನಿಯ ನ್ಯೂರೆಂಬರ್ಗಿನ ಆ ಮೂರಂತಸ್ತಿನ ಮನೆಯ ಮೆಟ್ಟಿಲು ಹತ್ತುತ್ತಿದ್ದೆ. ಪ್ರತಿ ಶನಿವಾರ ಬೆಳಿಗ್ಗೆ ಆ ಮೆಟ್ಟಿಲುಗಳನ್ನು ಉಜ್ಜುತ್ತಿದ್ದವರು ಕೆಳಮನೆಯ ಫ್ರಾವ್ ಬ್ರೆಮ್, ನಮ್ಮಲ್ಲಿ ಶ್ರೀಮತಿ ಎಂದ ಹಾಗೆ. ಮನೆ ಅವರದೇ. ಅರವತ್ತು ದಾಟಿದ ವಿಧವೆ, ಎತ್ತರದ ಹೆಂಗಸು, ಮೊಣಕಾಲೂರಿ ಕೂತು ಮೇಲಿನ ಮೆಟ್ಟಿಲಿಂದ ಕೆಳಗಿನವರೆಗೆ ಹಿಂದೆ ಹಿಂದೆ ಸರಿಯುತ್ತಾ ಉಜ್ಜುತ್ತಿದ್ದರು. ನಿಮಗೂ ಹೀಗೆ ಒಂದು ವಾಸನೆ ಇರಬಹುದು. ಇನ್ನು ಯಾರೂ ಇಲ್ಲದ ಮನೆಯೊಂದರ ಕದವನ್ನು ಅದು ತಟ್ಟನೆ ತೆಗೆದುಬಿಡುತ್ತದೆ, ನಾವು ಒಳಗೆ ಹೋಗಲೂ ಆಗುವುದಿಲ್ಲ, ಹಿಂದಿರುಗಲೂ ಆಗುವುದಿಲ್ಲ.

ಜರ್ಮನಿಯೂ ಗ್ರೀನ್ ಕಾರ್ಡ್ ಎಂಬ ಒಂದನ್ನು ಕೊಡಲು ಶುರುಮಾಡಿದ್ದ ಕಾಲ ಅದು. ಕಂಪ್ಯೂಟರ್ ಬಲ್ಲವರಿಗೆ ಐದು ವರ್ಷ ಇರಲು ಅನುಮತಿ. ಅಪ್ಪ ಅದರಲ್ಲಿ ಮೊದಲು ಹೋದರು, ಆರು ತಿಂಗಳ ಮೇಲೆ ಅಮ್ಮ ಮತ್ತು ನಾನು. ಮೈಸೂರಿನಲ್ಲಿ ಅಮ್ಮ ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದವಳು. ಬೀದಿಯಲ್ಲಿ ಹೋದರೆ ಹತ್ತು ಜನ ನಿಂತು ನಮಸ್ಕಾರ ಹೇಳುತ್ತಿದ್ದರು. ಅವಳ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲೆ ಒಂದು ಸಾಲು ಅಚ್ಚಾಗಿತ್ತು. ನನಗೆ ಜರ್ಮನ್ ಬಂದ ಮೇಲೆ ಅವಳೇ ಅದನ್ನು ನನ್ನಿಂದ ಓದಿಸಿದಳು: ಕೆಲಸ ಮಾಡುವಂತಿಲ್ಲ. ಅವಳು ಎರಡು ಸಲ ಓದಿಸಿ, ಪಾಸ್‌ಪೋರ್ಟನ್ನು ಸೀರೆಗಳ ಅಡಿಗೆ ಇಟ್ಟಳು. ಇನ್ನೊಂದು ವರ್ಷ ಕಳೆದರೆ ಅರ್ಜಿ ಹಾಕಬಹುದು ಎಂದು ಅಪ್ಪ ಹೇಳುತ್ತಿದ್ದರು. ಆ ಒಂದು ವರ್ಷ ಪ್ರತಿ ಸಲವೂ ಒಂದೇ ವರ್ಷವಾಗಿ ಉಳಿಯುತ್ತಿತ್ತು.

ನಮ್ಮದು ಮೂರನೇ ಅಂತಸ್ತು. ನೆಲ ಮರದ್ದು, ಒಂದು ಚಮಚ ಬಿದ್ದರೂ ಕೆಳಗೆ ಕೇಳುತ್ತಿತ್ತು. ಬಂದ ಮೊದಲ ವಾರ ಅಮ್ಮ ಮಧ್ಯಾಹ್ನ ಎರಡು ಗಂಟೆಗೆ ಮಿಕ್ಸಿಯಲ್ಲಿ ತೆಂಗಿನಕಾಯಿ ರುಬ್ಬಿದ್ದಳು. ಫ್ರಾವ್ ಬ್ರೆಮ್ ಮೆಟ್ಟಿಲು ಹತ್ತಿ ಬಂದು, ಗಡಿಯಾರ ತೋರಿಸಿ, ತುಟಿಯ ಮೇಲೆ ಬೆರಳಿಟ್ಟು ಹೋದರು. ಒಂದರಿಂದ ಮೂರರವರೆಗೆ ಆ ಮನೆಯಲ್ಲಿ ಸದ್ದು ಮಾಡಬಾರದೆಂಬುದು ನಮಗೆ ಗೊತ್ತಿರಲಿಲ್ಲ. ಅಂದಿನಿಂದ ಅಮ್ಮ ದಿನವಿಡೀ ಸದ್ದು ಮಾಡುವುದನ್ನೇ ಬಿಟ್ಟಳು. ಕಾಲಿಗೆ ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದಳು. ಒಗ್ಗರಣೆ ಹಾಕುವಾಗ ಕಿಟಕಿಗಳನ್ನೆಲ್ಲ ತೆರೆದು, ಚಳಿಯಲ್ಲಿ ನಡುಗುತ್ತಾ, ಸಾಸಿವೆ ಸಿಡಿಯದ ಹಾಗೆ ತಟ್ಟೆ ಮುಚ್ಚಿ ಹಿಡಿಯುತ್ತಿದ್ದಳು. ಅಂಗಡಿಗೆ ಹೋದರೆ ಕ್ಯಾಶಿನಲ್ಲಿ ಕೂತವಳು ಏನೋ ಕೇಳುತ್ತಾಳೆ, ಹಿಂದಿನವರು ಕಾಯುತ್ತಾರೆ ಎಂಬ ಭಯ. ಹಾಗಾಗಿ ನಾನು ಸ್ಕೂಲಿನಿಂದ ಬರುವತನಕ ಕಾಯುತ್ತಿದ್ದಳು. ನಾನು ಬಂದು ಬಾಗಿಲು ತೆಗೆದಾಗ ಅವಳು ಅಂಗಳದ ಕಡೆಯ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು, ಕೈಯಲ್ಲಿ ಏನೂ ಇಲ್ಲದೆ. ಭಾನುವಾರ ಅಜ್ಜಿಗೆ ಫೋನ್ ಮಾಡುವಾಗ ಮಾತ್ರ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಗ ಒಳಗಿನಿಂದ ಅವಳ ಹಳೆಯ ದನಿ, ಕ್ಲಾಸಿನಲ್ಲಿ ಪಾಠ ಮಾಡುವ ತುಂಬು ದನಿ, ನನಗೆ ಕೇಳುತ್ತಿತ್ತು.

ಫ್ರಾವ್ ಬ್ರೆಮ್ ಕಂಡರೆ ಅಮ್ಮನಿಗೆ ಎಷ್ಟು ಹೆದರಿಕೆಯೋ ನನಗೆ ಅಷ್ಟೇ ಸಲಿಗೆ ಬೆಳೆಯಿತು. ಮಕ್ಕಳಿಗೆ ಭಾಷೆ ಬೇಗ ಬರುತ್ತದೆ. ಒಂದೂವರೆ ವರ್ಷದಲ್ಲಿ ನಾನು ಅವರ ಅಡುಗೆಮನೆಯಲ್ಲಿ ಕೂತು ಪ್ಲಮ್ ಹಣ್ಣಿನ ಕೇಕು ತಿನ್ನುತ್ತಾ ಹೋಮ್‌ವರ್ಕ್ ಮಾಡುವಷ್ಟಾದೆ. ಒಂದು ಮಧ್ಯಾಹ್ನ ಅವರು ಟೀವಿಯ ಕೆಳಗಿನಿಂದ ಒಂದು ವಿಡಿಯೋ ಕ್ಯಾಸೆಟ್ ತೆಗೆದು ತೋರಿಸಿದರು. ಮೇಲೆ ಅವರದೇ ಕೈಬರಹ: ಅಮ್ಮ ಮತ್ತು ನಾನು. ಯುದ್ಧ ಮುಗಿದ ಹೊಸತರಲ್ಲಿ, ಅವರಿಗೆ ಏಳು ವರ್ಷವಾಗಿದ್ದಾಗ, ಬ್ರಿಟಿಷರು ಬಂದು ಅವರೂರಿನ ಪಾಳುಬಿದ್ದ ಬೀದಿಗಳಲ್ಲಿ ಒಂದು ಪತ್ತೇದಾರಿ ಸಿನಿಮಾ ತೆಗೆದರಂತೆ. ಗುಂಪಿನಲ್ಲಿ ನಿಲ್ಲಲು ಊರಿನವರನ್ನೇ ಕರೆದಿದ್ದರು, ಬಿಸಿ ಸೂಪು ಮತ್ತು ಬ್ರೆಡ್ಡು ಕೊಡುತ್ತೇವೆಂದು. ಅವರ ಅಮ್ಮ ಮಗಳ ಕೈ ಹಿಡಿದು ಹೋಗಿ ನಿಂತಿದ್ದಳು. ಆ ಸಿನಿಮಾ ಅವರ ಊರಿಗೆ ಬರಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಇಂಗ್ಲೆಂಡಿನಲ್ಲಿದ್ದ ಅಕ್ಕನ ಮಗ ಅಲ್ಲಿನ ಟೀವಿಯಿಂದ ರೆಕಾರ್ಡ್ ಮಾಡಿ ಕಳಿಸಿದ್ದ. ಶುರುವಿನ ಹತ್ತು ನಿಮಿಷ ತಪ್ಪಿಹೋಗಿ ಹೆಸರೇ ಇರಲಿಲ್ಲ. ಫ್ರಾವ್ ಬ್ರೆಮ್‌ಗೆ ಇಂಗ್ಲಿಷ್ ಬಾರದು. ತಾವು ಇರುವ ಸಿನಿಮಾದ ಕಥೆ ಏನೆಂದೇ ಅವರಿಗೆ ತಿಳಿದಿರಲಿಲ್ಲ. ನಮ್ಮಮ್ಮ ಇಂಗ್ಲಿಷ್ ಟೀಚರ್ ಎಂದು ನಾನು ಬಾಯಿತಪ್ಪಿ ಹೇಳಿದೆ. ಅವರು ಕೈಲಿದ್ದ ಚಾಕು ಕೆಳಗಿಟ್ಟು ನನ್ನನ್ನು ನೋಡಿದರು. ನಾಳೆ ಮೂರು ಗಂಟೆಗೆ ಅವಳನ್ನು ಕರೆದುಕೊಂಡು ಬಾ ಎಂದರು.

ಮೂರು ಗಂಟೆ ಎಂದದ್ದಕ್ಕೆ ಅಮ್ಮ ಇದು ಮಿಕ್ಸಿಯ ದೂರೇ ಇರಬೇಕೆಂದು ಹೆದರಿ, ಒಳ್ಳೆಯ ಸೀರೆ ಉಟ್ಟು ಬಂದಳು. ಕತ್ತಲು ಮಾಡಿದ ಆ ಕೋಣೆಯಲ್ಲಿ ಮೂವರೂ ಕೂತೆವು, ನಾನು ನಡುವೆ. ಸಿನಿಮಾದವರು ಇಂಗ್ಲಿಷಿನಲ್ಲಿ ಆಡಿದ್ದನ್ನು ಅಮ್ಮ ಕನ್ನಡದಲ್ಲಿ ನನಗೆ ಹೇಳುವುದು, ನಾನು ಅದನ್ನು ಜರ್ಮನಿನಲ್ಲಿ ಫ್ರಾವ್ ಬ್ರೆಮ್‌ಗೆ ಹೇಳುವುದು. ಕಪ್ಪು ಬಿಳುಪಿನ ಚಿತ್ರ. ಗೋಡೆ ಮಾತ್ರ ನಿಂತು ಹಿಂದೆ ಮನೆಯಿಲ್ಲದ ಬೀದಿಗಳು, ಇಟ್ಟಿಗೆಯ ಗುಡ್ಡೆಗಳು, ಕಿಟಕಿಗಳ ತೂತಿನಲ್ಲಿ ಆಕಾಶ. ಒಬ್ಬ ಇಂಗ್ಲಿಷ್ ಆಫೀಸರ್ ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಆ ಊರಿಗೆ ಬರುತ್ತಾನೆ. ಸತ್ತ ಎಂದು ಕೆಲವರು, ನೋಡೇ ಇಲ್ಲ ಎಂದು ಕೆಲವರು. ನಿಜದಲ್ಲಿ ತಮ್ಮನನ್ನು ಒಬ್ಬಳು ವಿಧವೆ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಾಳೆ. ಹೊರಗೆ ಬಿಟ್ಟರೆ ತನ್ನ ಒಂದು ಅಪರಾಧ ಬಯಲಾಗುತ್ತದೆಂದು. ಮೇಲೆ ಜನ ಓಡಾಡುತ್ತಾರೆ, ಕೆಳಗಿದ್ದವನು ಬರೀ ಹೆಜ್ಜೆಯ ಸದ್ದು ಕೇಳುತ್ತಾನೆ. ಆ ದೃಶ್ಯ ಬಂದಾಗ ಅಮ್ಮ ಅನುವಾದ ಮಾಡುವುದನ್ನು ಮರೆತು ಸುಮ್ಮನೆ ನೋಡುತ್ತಿದ್ದಳು. ನಾನು ಮೊಣಕೈಯಿಂದ ತಿವಿದೆ.

ಕೊನೆಗೆ ಗುಟ್ಟು ಒಡೆಯುವುದು ಒಂದು ಪುಟ್ಟ ಹುಡುಗಿಯಿಂದ. ಆಫೀಸರ್ ವಿಧವೆಯನ್ನು ಪ್ರಶ್ನಿಸುತ್ತಿರುವಾಗ ಪಕ್ಕದಲ್ಲಿ ನಿಂತ ಆ ಹುಡುಗಿ ಒಂದು ಕ್ಷಣ ನೆಲಮಾಳಿಗೆಯ ಬಾಗಿಲ ಕಡೆ ಕಣ್ಣು ಹಾಯಿಸುತ್ತಾಳೆ. ಅವನಿಗೆ ಅಷ್ಟು ಸಾಕಾಗುತ್ತದೆ. ಆ ಹುಡುಗಿ ಫ್ರಾವ್ ಬ್ರೆಮ್. ನಾನು ಇದನ್ನು ಹೇಳಿದಾಗ ಅವರು ಬಾಯಿಗೆ ಕೈ ಅಡ್ಡ ಹಿಡಿದರು. ಅಲ್ಲಿ ನೋಡು ಎಂದು ಯಾರೂ ಹೇಳಿರಲಿಲ್ಲವಂತೆ. ಆ ಬಾಗಿಲ ಹಿಂದೆ ಗುಂಪಿನವರಿಗೆ ಹಂಚುವ ಬ್ರೆಡ್ಡಿನ ಬುಟ್ಟಿ ಇತ್ತು, ಅದಕ್ಕೇ ನೋಡಿದ್ದು. ಅವರು ನಗತೊಡಗಿದರು. ಅಮ್ಮನೂ ನಕ್ಕಳು. ಎಷ್ಟೋ ತಿಂಗಳ ಮೇಲೆ ಅಮ್ಮನ ನಗು ಗಟ್ಟಿಯಾಗಿ ಕೇಳಿದ್ದು ಅವತ್ತೇ.

ಆಮೇಲೆ ಅವರು ಟೇಪನ್ನು ಹಿಂದಕ್ಕೆ ಓಡಿಸಿ ಇನ್ನೊಂದು ಕಡೆ ನಿಲ್ಲಿಸಿದರು. ಬೀದಿ ಪಂಪಿನ ಮುಂದೆ ನೀರಿಗೆ ನಿಂತ ಹೆಂಗಸರ ಸಾಲು. ಬಕೆಟ್ ಹಿಡಿದ, ತಲೆಗೆ ಬಟ್ಟೆ ಕಟ್ಟಿದ ಒಬ್ಬಳ ಮುಂದೆ ಆಫೀಸರ್ ನಿಲ್ಲುತ್ತಾನೆ. ಅವಳ ಮುಖವನ್ನು ದಿಟ್ಟಿಸಿ, ಜೊತೆಯವನಿಗೆ ಏನೋ ಹೇಳಿ ಹೋಗುತ್ತಾನೆ. ಆ ಹೆಂಗಸು ಫ್ರಾವ್ ಬ್ರೆಮ್‌ರ ಅಮ್ಮ. ಇಂಗ್ಲಿಷಿನವನು ನನ್ನ ಬಗ್ಗೆ ಏನೋ ಒಳ್ಳೆಯದು ಹೇಳಿದ ಎಂದು ಅವಳು ಸಾಯುವವರೆಗೂ ಹೇಳಿಕೊಳ್ಳುತ್ತಿದ್ದಳಂತೆ. ಏನದು ಎಂದು ಕೇಳು ಎಂದರು. ಅಮ್ಮ ಇನ್ನೊಂದು ಸಲ ಹಾಕಿಸಿ ಕೇಳಿದಳು. ಬಾಯೊಳಗೇ ಕನ್ನಡದಲ್ಲಿ ಅಂದುಕೊಂಡಳು: "ಇವಳನ್ನ ನೋಡು. ಒಂದು ಸೋಪು ಕೊಟ್ರೆ ಏನ್ ಬೇಕಾದ್ರೂ ಹೇಳ್ತಾಳೆ." ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮಂಡಿ ಒತ್ತಿ ಹಿಡಿದಳು. "ಅದನ್ನ ಹೇಳ್ಬೇಡ ಪುಟ್ಟಿ. ಇವಳ ಮುಖ ನೋಡು, ಇವಳು ಸುಳ್ಳು ಹೇಳೋಳಲ್ಲ, ಅಂತ ಹೇಳು."

ನಾನು ಹಾಗೇ ಹೇಳಿದೆ. ಫ್ರಾವ್ ಬ್ರೆಮ್ ಎದ್ದು ಅಡುಗೆಮನೆಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡರು.

ಆ ಮಾತು ಬೀದಿಯೆಲ್ಲ ಹರಡಿತು. ಬೇಕರಿಯವಳಿಗೆ, ಅಂಚೆಯವನಿಗೆ, ಎದುರುಮನೆಯವರಿಗೆ ಅವರು ಹೇಳಿದರು. ಪ್ರತಿ ಸಲವೂ ನನ್ನನ್ನು ಕರೆದು, ಹೌದೋ ಅಲ್ಲವೋ ಹೇಳು ಎನ್ನುವರು. ನಾನು ಹೌದು ಎನ್ನುತ್ತಿದ್ದೆ. ಸ್ಕೂಲಿನಿಂದ ಬರುವಾಗ ಅವರ ಬಾಗಿಲು ದಾಟುವುದೇ ಕಷ್ಟವಾಯಿತು. ಮೇಲೆ ಅಮ್ಮ ಹೇಗೆ ಬೆರಳ ತುದಿಯಲ್ಲಿ ಓಡಾಡುತ್ತಿದ್ದಳೋ ನಾನೂ ಹಾಗೇ ಮೆಟ್ಟಿಲು ಹತ್ತತೊಡಗಿದೆ. ಎರಡು ವಾರ ಕಳೆದು ಅವರೇ ಮೇಲೆ ಬಂದರು. ಕೈಯಲ್ಲಿ ಅವರ ಅಮ್ಮನ ಫೋಟೋ, ಹೊಸ ಕಟ್ಟು, ಕೆಳಗೆ ಬಿಳಿಯ ರಟ್ಟಿನ ಪಟ್ಟಿ. ಆ ವಾಕ್ಯವನ್ನು ಅವನು ಆಡಿದ ಹಾಗೇ ಇಂಗ್ಲಿಷಿನಲ್ಲಿ ಬರೆದುಕೊಡಬೇಕು, ಟೀಚರರ ಅಕ್ಷರ ಚೆನ್ನಾಗಿರುತ್ತದೆ, ಎಂದರು.

ಅಮ್ಮ ಪೆನ್ನು ತೆಗೆದುಕೊಂಡಳು. ಮೇಜಿನ ಮೇಲೆ ರಟ್ಟನ್ನು ನೇರ ಮಾಡಿ, ಮುಚ್ಚಳ ತೆಗೆದು, ಕೈ ಊರಿದಳು. ನನ್ನ ಬಾಯಲ್ಲಿ ಹೇಳಿಸಿದ ಸುಳ್ಳನ್ನು ತನ್ನ ಅಕ್ಷರದಲ್ಲಿ ಬರೆಯಲು ಅವಳಿಂದ ಆಗಲಿಲ್ಲ. ಪೆನ್ನು ಕೆಳಗಿಟ್ಟು, ನಿಜ ಹೇಳಿಬಿಡು ಎಂದಳು. ನಾನು ಸೋಪಿನ ಮಾತು ಹೇಳಿದೆ.

ಫ್ರಾವ್ ಬ್ರೆಮ್ ಫೋಟೋವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆ ಚಳಿಗಾಲವಿಡೀ ಮನೆಯಲ್ಲಿ ಸೋಪು ಇರಲಿಲ್ಲ, ಅವಳು ನಿಜವಾಗಿಯೂ ಏನು ಬೇಕಾದರೂ ಹೇಳುತ್ತಿದ್ದಳು, ಎಂದರು. ಆಮೇಲೆ ಅಮ್ಮನನ್ನು ನೋಡಿ ನನ್ನನ್ನು ಕೇಳಿದರು: "ನಿನ್ನ ಅಮ್ಮ ಯಾಕೆ ಸುಳ್ಳು ಹೇಳಿದಳು?"

ಆಮೇಲೆ ನಡೆದದ್ದನ್ನು ನಾನು ಇವತ್ತಿಗೂ ಸರಿಯಾಗಿ ಹೇಳಲಾರೆ. ಅಮ್ಮ ನನ್ನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. "ನಂಗಭ್ಯಾಸ ಆಗೋಗಿದೆ ಅನ್ನು. ಭಾನುವಾರ ಭಾನುವಾರ ನಮ್ಮಮ್ಮಂಗೆ ಹೇಳ್ತೀನಿ, ಇಲ್ಲೊಂದು ಸ್ಕೂಲಲ್ಲಿ ಪಾಠ ಮಾಡ್ತಿದೀನಿ ಅಂತ. ಮಕ್ಕಳ ಹೆಸರು ಕೂಡ ಕಟ್ಟಿ ಹೇಳ್ತೀನಿ. ಈ ಮನೇಲಿ ನಂಗೆ ಉಸಿರು ಕಟ್ತಿದೆ ಅಂತ ಹೇಗೆ ಹೇಳ್ಲಿ?" ಅನುವಾದ ಮಾಡುವಾಗ ನಾನು ಅಮ್ಮ ಹೇಳುತ್ತಾಳೆ ಎಂದು ಸೇರಿಸುತ್ತಿರಲಿಲ್ಲ, ಅವಳು 'ನಾನು' ಎಂದರೆ ನಾನೂ 'ನಾನು' ಎನ್ನುತ್ತಿದ್ದೆ. ಹಾಗಾಗಿ ನನ್ನದೇ ಬಾಯಿಂದ, ನನ್ನದೇ ಸಣ್ಣ ದನಿಯಲ್ಲಿ, ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿದೆ ಎಂಬ ಮಾತು ಬಂತು. ಆಗಲೇ ನನಗೆ ಅದರ ಅರ್ಥ ಆದದ್ದು. ವಾಕ್ಯ ಮುಗಿಸಲಾಗದೆ ಅಳತೊಡಗಿದೆ.

ಫ್ರಾವ್ ಬ್ರೆಮ್ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡರು. ಇದನ್ನು ನನಗೆ ಹೇಳಿ ಪ್ರಯೋಜನವಿಲ್ಲ, ನಿನ್ನ ಗಂಡನಿಗೆ ಹೇಳು, ಮಗುವಿನ ಬಾಯಲ್ಲಿ ಬೇಡ, ಎಂದರು. ಆ ಒಂದನ್ನು ಮಾತ್ರ ನಾನು ಅನುವಾದ ಮಾಡಿದೆ.

ಅವತ್ತು ಸಂಜೆ ಅಪ್ಪ ಊಟಕ್ಕೆ ಕೂತಾಗ ಅಮ್ಮ ಹೇಳಿದಳು. ಅಪ್ಪ ಕೆಟ್ಟವರಲ್ಲ. ಅವರೂ ಆಫೀಸಿನಲ್ಲಿ ಅರ್ಧ ಅರ್ಥವಾದ ಭಾಷೆಯಲ್ಲಿ ದಿನ ನೂಕಿ ಬರುತ್ತಿದ್ದವರು. ತಟ್ಟೆಯಲ್ಲಿ ಕೈ ಹಾಗೇ ಇಟ್ಟುಕೊಂಡು, "ನೀನು ಒಂದು ಸಲಾನೂ ಅನ್ಲಿಲ್ವಲ್ಲ, ವಸು" ಎಂದರು. "ನೀವು ಕೇಳ್ಲಿಲ್ಲ" ಎಂದಳು ಅಮ್ಮ. ಮುಂದಿನ ಭಾನುವಾರ ಅವಳು ಬಾಗಿಲು ಹಾಕಿಕೊಳ್ಳದೆ ಅಜ್ಜಿಗೆ ಫೋನ್ ಮಾಡಿದಳು. ನಿಜ ಹೇಳಿದಳು. ಅಜ್ಜಿ ಬಾ ಎಂದಳಂತೆ, ಅಷ್ಟೇ.

ನನ್ನ ಸ್ಕೂಲು ಮುಗಿಯುವತನಕ ಇದ್ದು ಬೇಸಿಗೆಯಲ್ಲಿ ನಾವಿಬ್ಬರೂ ಹೊರಟೆವು. ಅಪ್ಪ ಇನ್ನೂ ಒಂದು ವರ್ಷ ಇದ್ದರು. ಅವರ ವಿಭಾಗವನ್ನೇ ಮುಚ್ಚಿದಾಗ ಅವರೂ ಬಂದರು. ಅಮ್ಮನಿಗೆ ಹಳೆಯ ಸ್ಕೂಲಿನಲ್ಲಿ ಮತ್ತೆ ಕೆಲಸ ಸಿಕ್ಕಿತು, ನಿವೃತ್ತಿಯವರೆಗೂ ಪಾಠ ಮಾಡಿದಳು. ಫ್ರಾವ್ ಬ್ರೆಮ್ ಹೋದ ಸುದ್ದಿಯನ್ನು ಇಂಗ್ಲೆಂಡಿನ ಅಕ್ಕನ ಮಗ ಕಾಗದ ಬರೆದು ತಿಳಿಸಿದ. ಮನೆ ಮಾರಿದರಂತೆ, ಒಳಗೆಲ್ಲ ಒಡೆದು ಹೊಸದಾಗಿ ಕಟ್ಟಿದರಂತೆ. ಅಮ್ಮ ಹೋಗಿ ಈಗ ಎರಡು ವರ್ಷ. ನನ್ನ ಜರ್ಮನ್ ಕೂಡ ಹೊರಟುಹೋಗಿದೆ. ಪದಗಳು ಕೆಲವು ಉಳಿದಿವೆ, ಅವನ್ನು ಸೇರಿಸಿ ಮಾತಾಡಲು ಬರುವುದಿಲ್ಲ.

ಹೊರಡುವ ಹಿಂದಿನ ಆ ಏಳೆಂಟು ತಿಂಗಳು ಅಮ್ಮ ದಿನವೂ ಮೂರು ಗಂಟೆಗೆ ಕೆಳಗೆ ಹೋಗುತ್ತಿದ್ದಳು. ಇವಳು ಇಂಗ್ಲಿಷ್ ಕಲಿಸುವುದು, ಅವರು ಜರ್ಮನ್ ಕಲಿಸುವುದು, ಎರಡೂ ಪೂರ್ತಿ ಬರದೆ ನಡುವೆ ಏನೋ ಒಂದು ತಮ್ಮದೇ ಮಾತು ಹುಟ್ಟಿಸಿಕೊಂಡಿದ್ದರು. ಹೊರಟ ದಿನ ಬೆಳಿಗ್ಗೆ ಟ್ಯಾಕ್ಸಿ ಬಂದು ನಿಂತಿತ್ತು. ಅಪ್ಪ ಪೆಟ್ಟಿಗೆಗಳನ್ನು ಒಳಗಿಡುತ್ತಿದ್ದರು. ಫ್ರಾವ್ ಬ್ರೆಮ್ ಏಪ್ರನ್ನಿನಲ್ಲೇ ಗೇಟಿನವರೆಗೆ ಬಂದರು, ಅದುವರೆಗೆ ಎಂದೂ ಕರೆಯದ ಹಾಗೆ ಅಮ್ಮನನ್ನು ಹೆಸರು ಹಿಡಿದು ಕರೆದರು. ಇಬ್ಬರೂ ಕೈ ಕೈ ಹಿಡಿದು ತಲೆ ಬಗ್ಗಿಸಿ ಮೆಲ್ಲಗೆ ಮಾತಾಡಿದರು, ಡ್ರೈವರು ಎರಡು ಸಲ ಗಡಿಯಾರ ನೋಡುವಷ್ಟು ಹೊತ್ತು. ಏನು ಮಾತಾಡಿದಿರಿ ಎಂದು ನಾನು ಆಮೇಲೂ ಕೇಳಲಿಲ್ಲ, ಕೇಳೋಣವೆಂದರೆ ಈಗ ಇಬ್ಬರೂ ಇಲ್ಲ. ನಾನು ಎರಡು ಹೆಜ್ಜೆ ಆಚೆ, ಯಾವಾಗ ಕರೆಯುತ್ತಾರೋ ಎಂದು ಸಿದ್ಧವಾಗಿ ನಿಂತಿದ್ದೆ. ಅವತ್ತು ನನ್ನನ್ನು ಯಾರೂ ಏನೂ ಕೇಳಲಿಲ್ಲ.