ಮೂರು ದಿನದ ಗಡ್ಡ ಬಿಟ್ಟು ಬನ್ನಿ

ಭಾನುವಾರ ಬೆಳಿಗ್ಗೆ ಆರೂವರೆ. ಮಯೂರ್ ವಿಹಾರ್‌ನ ಈ ಮಾರುಕಟ್ಟೆಯಲ್ಲಿ ಹಾಲಿನ ಬೂತು ಬಿಟ್ಟರೆ ತೆರೆದಿರುವುದು ಒಂದೇ ಅಂಗಡಿ, ಅದೂ ಅರ್ಧ ಷಟರ್. ಪತ್ರಿಕೆಯ ಲೇಖನಕ್ಕೆಂದು ಬಗ್ಗಿ ಒಳಗೆ ಹೋದರೆ ಕ್ಷೌರಿಕ ರಮಾನಾಥ ಭಂಡಾರಿ ಸ್ಟೂಲಿನ ಮೇಲೆ ಕೂತು ಕ್ಷೌರದ ಕತ್ತಿ ಮಸೆಯುತ್ತಿದ್ದಾರೆ. ಹಿಡಿಯೊಳಗೆ ಮಡಚಿಡುವ ಹಳೆಯ ಕಾಲದ ಕತ್ತಿ, ಇಲ್ಲಿಯವರು ಉಸ್ತರಾ ಎನ್ನುವುದು. ಅದರ ಬೆನ್ನೂ ಬಾಯಿಯೂ ಒಟ್ಟಿಗೆ ಸಾಣೆಕಲ್ಲಿಗೆ ತಾಗಿರಬೇಕು. ಕಲ್ಲಿನ ತುದಿಗೆ ಬಂದಾಗ ಬೆನ್ನಿನ ಮೇಲೆ ಮಗುಚಬೇಕು. ಮರೆತು ಬಾಯಿಯ ಮೇಲೆ ಮಗುಚಿದರೆ ಅಷ್ಟು ಹೊತ್ತಿನ ಕೆಲಸ ನೀರುಪಾಲು.

"ಇದನ್ನ ತಂದವರು ಅದನ್ನೇ ಮಾಡಿದ್ದಾರೆ" ಎಂದು ಅವರು ಕತ್ತಿಯನ್ನು ಬೆಳಕಿಗೆ ಹಿಡಿಯುತ್ತಾರೆ. "ಇಪ್ಪತ್ತಾರು ಸಾವಿರದ ಸಾಮಾನು ಮೇಡಂ. ವಿಡಿಯೋ ನೋಡಿ ಮಸೆದ್ರಂತೆ. ನನ್ನ ಕೈಗೆ ಬಂದಾಗ ಇದ್ರಲ್ಲಿ ಬೆಣ್ಣೆ ಕೂಡ ಕೊಯ್ಯಕ್ಕಾಗ್ತಿರ್ಲಿಲ್ಲ."

ತಂದವರು ಬೇರೆ ಯಾರೂ ಅಲ್ಲ, ನಮ್ಮ ಯಜಮಾನರು. ಹೆಸರು ಚಂದ್ರಮೋಹನ, ಕೇಂದ್ರ ಸರ್ಕಾರದಲ್ಲಿ ಅಧಿಕಾರಿ, ತಲೆ ನೆಟ್ಟಗಿರುವ ಮನುಷ್ಯ ಎಂದೇ ಕಚೇರಿಯಲ್ಲಿ ಖ್ಯಾತಿ. ಮೂರು ವರ್ಷದ ಹಿಂದೆ ಮೊದಲ ಕತ್ತಿ ಮನೆಗೆ ಬಂತು. ಉಳಿತಾಯಕ್ಕಂತೆ! ಪ್ಲಾಸ್ಟಿಕ್ ರೇಜರಿಗೆ ತಿಂಗಳು ತಿಂಗಳು ದಂಡ ತೆರುವುದು ತಪ್ಪುತ್ತದಂತೆ. ಈಗ ಒಂಬತ್ತು ಕತ್ತಿಗಳಿವೆ. ಮಸೆಯಲು ಜಪಾನಿನ ಮೂರು ಕಲ್ಲು, ತೀಡಲು ಎರಡು ಚರ್ಮದ ಪಟ್ಟಿ, ಯಾವುದೋ ಪ್ರಾಣಿಯ ಕೂದಲಿನ ಬ್ರಷ್ಷು, ಬಟ್ಟಲಿಗೆ ಎರಡು ಸಾವಿರದ ಸೋಪು, ಎಲ್ಲವನ್ನೂ ಇಡಲು ಗಾಜಿನ ಮುಚ್ಚಳದ ತೇಗದ ಪೆಟ್ಟಿಗೆ. ಕಸ್ಟಮ್ಸ್ ಸುಂಕ ಬೇರೆ. ಒಟ್ಟು ಎರಡು ಲಕ್ಷ ಎಪ್ಪತ್ತು ಸಾವಿರ. ರಮಾನಾಥರ ಅಂಗಡಿಯಲ್ಲಿ ಒಂದು ಶೇವಿಂಗಿಗೆ ಅರವತ್ತು ರೂಪಾಯಿ. ಆ ದುಡ್ಡಿನಲ್ಲಿ ಈ ಮಹಾಶಯರು ಹನ್ನೆರಡು ವರ್ಷ ದಿನ ಬಿಡದೆ ಇಲ್ಲಿ ಬಂದು ಗಡ್ಡ ಮಾಡಿಸಿಕೊಳ್ಳಬಹುದಿತ್ತು.

ಇಷ್ಟೆಲ್ಲ ಇಟ್ಟುಕೊಂಡು ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವುದು ಯಾವುದರಲ್ಲಿ? ಅದೇ ಪ್ಲಾಸ್ಟಿಕ್ ರೇಜರಿನಲ್ಲಿ. ಕತ್ತಿಯ ಹರಿತವನ್ನು ಮುಂಗೈ ಕೂದಲಿನ ಮೇಲೆ ನೋಡುತ್ತಾರೆ. ಎಡಗೈ ಮೊಣಕೈವರೆಗೆ ಬೋಳಾಗಿದೆ, ನೆಂಟರು ಕೇಳಿದರೆ ನಾನು ಅಲರ್ಜಿ ಎನ್ನುತ್ತೇನೆ.

ದೆಹಲಿ, ಗಾಜಿಯಾಬಾದ್, ಫರೀದಾಬಾದ್ ಸೇರಿ ಇಂಥ ಸಂಗ್ರಾಹಕರ ಒಂದು ವಾಟ್ಸಾಪ್ ಗುಂಪೇ ಇದೆ. ಅವರೆಲ್ಲರ ಕತ್ತಿಗಳು ಕೊನೆಗೆ ಬಂದು ಬೀಳುವುದು ಈ ಸ್ಟೂಲಿನ ಮುಂದೆ. ವಾರಕ್ಕೆ ನಾಲ್ಕೋ ಐದೋ. ಒಂದಕ್ಕೆ ಮುನ್ನೂರು ರೂಪಾಯಿ. ಗುಂಪಿನಲ್ಲಿ ಕಲ್ಲುಗಳ ಹೆಸರು ಓಡಾಡುತ್ತದೆ, ಕಮ್ಮಾರರ ಹೆಸರು ಓಡಾಡುತ್ತದೆ. ರಮಾನಾಥರ ಹೆಸರು ನಾನು ಒಮ್ಮೆಯೂ ಕಂಡಿಲ್ಲ. 'ಮಯೂರ್ ವಿಹಾರ್ ವಾಲಾ' ಅಷ್ಟೇ.

ಅರವತ್ತೊಂದು ವರ್ಷದ ರಮಾನಾಥರು ಉಡುಪಿಯ ಕಡೆಯವರು. ಹತ್ತೊಂಬತ್ತಕ್ಕೆ ಸೋದರಮಾವನ ಜೊತೆ ದೆಹಲಿಗೆ ಬಂದರು. ಊರಿನವರ ಹೋಟೆಲುಗಳಲ್ಲಿ ದುಡಿಯುವವರಿಗೆ ಸೋಮವಾರ ಸೋಮವಾರ ಹಿತ್ತಿಲಲ್ಲಿ ಕೂರಿಸಿ ಕ್ಷೌರ ಮಾಡುವುದು ಮಾವನ ಕೆಲಸ. "ಮಾವ ಎರಡು ವರ್ಷ ಯಾರ ಗಡ್ಡಕ್ಕೂ ಕತ್ತಿ ತಾಗಿಸ್ಲಿಕ್ಕೆ ಬಿಡ್ಲಿಲ್ಲ. ಬರೀ ಮಸೆ ಅಂದ್ರು. ಮಸೆದದ್ದು ಸರಿ ಇದೆಯಾ ಅಂತ ತಮ್ಮ ಕೆನ್ನೆ ಮೇಲೇ ನೋಡ್ತಿದ್ರು. ಸರಿ ಇಲ್ದಿದ್ರೆ ಅದೇ ಕೈಯಲ್ಲಿ ನನ್ನ ಕೆನ್ನೆಗೊಂದು!"

ಆಮೇಲೆ ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ರೋಗ ಅಂಟುವ ಭಯ ಬಂತು, ಸಲೂನುಗಳಿಗೆ ಬಳಸಿ ಬಿಸಾಡುವ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂತು. ಅದು ಒಳ್ಳೆಯದೇ ಆಯಿತು ಎನ್ನುತ್ತಾರೆ ರಮಾನಾಥ. ಆದರೆ ಮಸೆಯುವ ಕೆಲಸ ಯಾರಿಗೂ ಬೇಡವಾಯಿತು. ಈಗ ಅವರ ಬಲ ಭುಜ ಸವೆದಿದೆ. ಇನ್ನೊಂದು ವರ್ಷದಲ್ಲಿ ಇದೆಲ್ಲ ನಿಲ್ಲಿಸಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಷ್ಟರೊಳಗೆ ಒಬ್ಬರಿಗಾದರೂ ಕಲಿಸಬೇಕೆಂಬುದು ಅವರ ಹಟ.

"ಯಾರಿಗೆ ಕಲಿಸ್ಲಿ? ಸಲೂನಿನವರಿಗೆ ಬೇಡ. ಬೇಕಾಗಿರೋದು ಈ ಸಾಹೇಬ್ರುಗಳಿಗೆ ಮಾತ್ರ. ಇವ್ರಿಗೆ ಕತ್ತಿ ಬೇಕು ಮೇಡಂ, ಕೈ ಬೇಡ."

ಅದಕ್ಕೇ ಅವರು ಒಂದು ನಿಯಮ ಮಾಡಿದ್ದಾರೆ. ಕತ್ತಿ ಕೊಟ್ಟು ಹೋಗಬಹುದು, ವಾಪಸು ಬೇಕಾದರೆ ಮೂರು ದಿನದ ಗಡ್ಡ ಬಿಟ್ಟು ಬರಬೇಕು. ಒಂದು ಕೆನ್ನೆ ಅವರು ಮಾಡಿ ತೋರಿಸುತ್ತಾರೆ, ಇನ್ನೊಂದನ್ನು ಅವರೆದುರೇ ನೀವು ಮಾಡಿಕೊಳ್ಳಬೇಕು. ನಮ್ಮ ಯಜಮಾನರು ಎರಡು ಭಾನುವಾರ ನುಣ್ಣಗೆ ಗಡ್ಡ ತೆಗೆದು ಬಂದು, ಎರಡು ಸಲವೂ ಬರಿಗೈಯಲ್ಲಿ ಮರಳಿದ್ದಾರೆ. ಗುರುವಾರದಿಂದ ರೇಜರನ್ನು ನಾನೇ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೆ.

ಏಳು ಗಂಟೆಗೆ ಅವರು ಬರುತ್ತಾರೆ, ಕುರುಚಲು ಗಡ್ಡ, ಕಳ್ಳನ ಮುಖ. ರಮಾನಾಥರು ಕುರ್ಚಿಯಲ್ಲಿ ಕೂರಿಸಿ ಎಡಗೆನ್ನೆಯನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಬಲಗೆನ್ನೆಗೆ ನಮ್ಮವರಿಗೆ ಹದಿನೆಂಟು ನಿಮಿಷ.

"ಚರ್ಮ ಎಳೆದು ಹಿಡೀರಿ ಸರ್. ಒತ್ತಬೇಡಿ. ಅಯ್ಯೋ, ಒತ್ತಬೇಡಿ ಅಂದ್ನಲ್ಲ! ತಟ್ಟೆ ಉಜ್ತಾ ಇದ್ದೀರಾ?"

ಎರಡು ಕಡೆ ರಕ್ತ ಬರುತ್ತದೆ. ರಕ್ತ ನಿಲ್ಲಲು ಪಟಿಕ ಹಚ್ಚುತ್ತಾ ರಮಾನಾಥರು ಮೊದಲ ಸಲ ನಗುತ್ತಾರೆ. "ಅಚ್ಛಾ, ಕೈ ನಡುಗ್ಲಿಲ್ಲ. ಕಲೀಬಹುದು ನೀವು."

ಆಮೇಲೆ ಅವರು ನಾವಿಬ್ಬರೂ ನಿರೀಕ್ಷಿಸದ ಒಂದು ಕೆಲಸ ಮಾಡುತ್ತಾರೆ. ಗೂಡಿನಿಂದ ತಮ್ಮದೇ ಕತ್ತಿ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ನಮ್ಮವರ ಕೈಗೆ ಕೊಡುತ್ತಾರೆ. ತಾವು ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಅವರ ಕೆನ್ನೆಯ ಮೇಲೂ ಮೂರು ದಿನದ ಬಿಳಿ ಗಡ್ಡವಿರುವುದು ನನಗೆ ಆಗ ಕಾಣುತ್ತದೆ.

"ಚಲೋ, ಈಗ ನನಗೆ ಮಾಡಿ ಸರ್."

ನಮ್ಮವರು ಕತ್ತಿಯನ್ನು ಬಿಡಿಸುತ್ತಾರೆ. ತಿರುಗಿಸುತ್ತಾರೆ. ಕನ್ನಡಕ ಹಣೆಗೇರಿಸಿ ಬುಡದಲ್ಲಿ ಸವೆದುಹೋದ ಮುದ್ರೆಯನ್ನು ಓದಲು ನೋಡುತ್ತಾರೆ. ರಮಾನಾಥರು ಸೋಪು ಬಳಿದುಕೊಂಡು ಕತ್ತು ಹಿಂದಕ್ಕೆ ಚಾಚಿ ಕಾಯುತ್ತಿದ್ದಾರೆ.

"ರಮಾನಾಥ್, ಇದು ತುಂಬಾ ಹಳೇದು ಅಲ್ವಾ? ಕೊಡ್ತೀರಾ? ಮೂವತ್ತು ಸಾವಿರ ಕೊಡ್ತೀನಿ."

ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಗುತ್ತದೆ. "ರೀ!" ಎಂದು ಕಿರುಚುತ್ತೇನೆ. ಇವರಿಗೆ ಅರ್ಥವೇ ಆಗುವುದಿಲ್ಲ, "ಯಾಕೆ, ಕಮ್ಮಿ ಆಯ್ತಾ?" ಎಂದು ನನ್ನನ್ನೇ ಕೇಳುತ್ತಾರೆ. ರಮಾನಾಥರು ಸಿಟ್ಟಾಗುವುದಿಲ್ಲ. ಎದ್ದು, ಕತ್ತಿಯನ್ನು ಇವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮಡಚಿಡುತ್ತಾರೆ. ಮುಖದ ಸೋಪನ್ನು ಒರೆಸಿಕೊಳ್ಳುತ್ತಾರೆ. ಯಜಮಾನರು ತಮ್ಮ ಇಪ್ಪತ್ತಾರು ಸಾವಿರದ ಕತ್ತಿ ಹಿಡಿದು ಷಟರಿನಡಿ ಬಗ್ಗಿ ಹೊರಗೆ ಹೋಗುತ್ತಾರೆ.

ಲೇಖನಕ್ಕೆ ಕೊನೆಯಲ್ಲಿ ಒಂದು ಮಾತು ಬೇಕಲ್ಲ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

ರಮಾನಾಥರು ಖಾಲಿ ಕುರ್ಚಿಯ ಮೇಲಿನ ಸೋಪಿನ ಹನಿ ಒರೆಸುತ್ತಾರೆ. "ನಲವತ್ತು ವರ್ಷದಿಂದ ಎಷ್ಟೋ ಜನ ನನ್ನ ಕತ್ತಿ ಕೆಳಗೆ ಕತ್ತು ಕೊಟ್ಟು ನಿದ್ದೆ ಹೋಗಿದ್ದಾರೆ ಮೇಡಂ. ನನಗೂ ಒಂದ್ಸಲ ಹಾಗೆ ನಿದ್ದೆ ಹೋಗ್ಬೇಕು."